ಸೈನ್ಯ ಸೇರದೆ ಬೇಗ ಆಫೀಸರ್ ಆಗೋದು ಹೇಗೆ ಅಂತ ಕೇಳುವವರಿಗೆ

"ಸೈನ್ಯ ಬೇಡ. ಆದರೆ ಅಲ್ಲಿನ ಹಾಗೆ ಚಿಕ್ಕ ವಯಸ್ಸಿಗೇ ಜವಾಬ್ದಾರಿ ಸಿಗಬೇಕು, ಮುಂದಿನ ಮೆಟ್ಟಿಲು ಯಾವುದು ಅಂತ ಗೊತ್ತಿರಬೇಕು. ಅಂಥ ಕೆಲಸ ಯಾವುದಿದೆ?" ಸರಕು ಹಡಗಿನಲ್ಲಿ ದುಡಿಯುವ ನನ್ನನ್ನು ಇದನ್ನು ಕೇಳದವರೇ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದುಬಿಡುತ್ತೇನೆ.

ಮರ್ಚೆಂಟ್ ನೇವಿ. ಹೆಸರಲ್ಲಿ ನೇವಿ ಇದ್ದರೂ ಸರಕು ಸಾಗಿಸುವ ಕೆಲಸ. ಥರ್ಡ್ ಆಫೀಸರ್, ಸೆಕೆಂಡ್ ಆಫೀಸರ್, ಚೀಫ್ ಆಫೀಸರ್, ಕ್ಯಾಪ್ಟನ್, ಇಷ್ಟೇ ಮೆಟ್ಟಿಲು. ಎಸ್‌ಟಿಸಿಡಬ್ಲ್ಯು ಅಂತ 1978ರ ಅಂತರರಾಷ್ಟ್ರೀಯ ಒಪ್ಪಂದವಿದೆ. ಯಾವ ಸರ್ಟಿಫಿಕೇಟಿಗೆ ಎಷ್ಟು ತಿಂಗಳು ಸಮುದ್ರದಲ್ಲಿರಬೇಕು ಅಂತ ಅದರಲ್ಲೇ ಬರೆದಿದೆ. ದೊಡ್ಡ ಹಡಗಿನ ಕ್ಯಾಪ್ಟನ್ ಆಗಲು ವಾಚ್ ಆಫೀಸರಾಗಿ, ಅಂದರೆ ಪಾಳಿಯ ಮೇಲೆ ಹಡಗು ನೋಡಿಕೊಳ್ಳುವ ಅಧಿಕಾರಿಯಾಗಿ, 36 ತಿಂಗಳು. ಅದರಲ್ಲಿ 12 ತಿಂಗಳು ಚೀಫ್ ಆಫೀಸರ್ ಆಗಿದ್ದರೆ ಒಟ್ಟು 24 ಸಾಕು. ಜೊತೆಗೆ ಪರೀಕ್ಷೆ. ಸರ್ಟಿಫಿಕೇಟ್ ಬಂದ ಮರುದಿನವೇ ಹುದ್ದೆ ಸಿಗುವುದಿಲ್ಲ, ಕಂಪನಿಗೆ ನಂಬಿಕೆ ಬರಬೇಕು. ಆದರೂ ದಾರಿ ಕಣ್ಣೆದುರಿಗೇ ಇರುತ್ತದೆ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ಒಂದಿದೆ: "ಕೈ ಕೆಳಗೆ ಎಷ್ಟು ಜನ ಇರ್ತಾರೆ?" ನನಗೆ ಸಿಟ್ಟು ಬರುವುದೇ ಇಲ್ಲಿ.

ಥರ್ಡ್ ಆಫೀಸರ್ ಆಗಿ ನನ್ನ ಮೊದಲ ವಾಚ್, ರಾತ್ರಿ ಎಂಟರಿಂದ ಹನ್ನೆರಡು. ಕೈ ಕೆಳಗೆ ಒಬ್ಬರೇ. ಸಮುದ್ರದ ಮೇಲೆ ಕಣ್ಣಿಟ್ಟು ನಿಲ್ಲುವ, ನನ್ನಪ್ಪನ ವಯಸ್ಸಿನ ಕಾವಲಿನವರು. ಆದರೆ ಕೆಳಗಿನ ಕ್ಯಾಬಿನ್‌ಗಳಲ್ಲಿ ಇಪ್ಪತ್ತು ಜನ ನನ್ನನ್ನು ನಂಬಿ ಮಲಗಿದ್ದರು. ಬಲಗಡೆ ಒಂದು ಕೆಂಪು ದೀಪ ಕಾಣಿಸಿತು. ಹಡಗಿನ ಎಡಬದಿಯ ದೀಪ ಅದು. ಅಂದರೆ ಒಂದು ಹಡಗು ನಮ್ಮ ದಾರಿಗೆ ಅಡ್ಡ ಬರುತ್ತಿದೆ. ಅಂತರ ಕಡಿಮೆಯಾಗುತ್ತಿದೆ, ಆದರೆ ದೀಪ ಕಾಣುವ ದಿಕ್ಕು ಬದಲಾಗುತ್ತಿಲ್ಲ. ಹಾಗಿದ್ದರೆ ಡಿಕ್ಕಿ ಅಂತಲೇ ಅರ್ಥ. ಬಲಗಡೆಯವರಿಗೆ ನಾವೇ ದಾರಿ ಬಿಡಬೇಕು, ಹಡಗುಗಳು ಡಿಕ್ಕಿಯಾಗದಂತೆ ಮಾಡಿದ 1972ರ ಅಂತರರಾಷ್ಟ್ರೀಯ ನಿಯಮ ಬಾಯಿಪಾಠ ಇತ್ತು. ಬಲಕ್ಕೆ ತಿರುಗೋಣ ಅಂದರೆ ಆ ಕಡೆ ಮೀನುಗಾರರ ದೋಣಿಗಳ ದೀಪ.

ಮೇಜಿನ ಮೇಲೆ ಕ್ಯಾಪ್ಟನ್ ಆದೇಶ ಇತ್ತು: ಅನುಮಾನ ಬಂದರೆ ನನ್ನನ್ನು ಕರೆ. ಅದರ ಕೆಳಗೆ ನನ್ನದೇ ಸಹಿ. ಆದರೂ ಫೋನ್ ಎತ್ತಲು ಕೈ ಬರಲಿಲ್ಲ. ಮೊದಲ ರಾತ್ರಿಯೇ ಎಬ್ಬಿಸಿದರೆ ಏನಂದುಕೊಳ್ತಾರೋ ಅನ್ನಿಸಿತು. "ಸರ್, ದೀಪ ಅಲ್ಲೇ ಇದೆ" ಅಂದರು ಕಾವಲಿನವರು. ಆಗ ಕರೆದೆ.

ಕ್ಯಾಪ್ಟನ್ ಚಪ್ಪಲಿ ಹಾಕಿಕೊಂಡೇ ಬಂದರು. ಕತ್ತಲಿಗೆ ಕಣ್ಣು ಹೊಂದುವವರೆಗೆ ಸುಮ್ನೆ ನಿಂತರು. "ನೀನೇನು ಮಾಡಬೇಕು ಅಂತಿದ್ದೆ?" ಅಂದರು. ದೋಣಿಗಳು ಇನ್ನೂ ದೂರ ಇವೆ, ಈಗಲೇ ಬಲಕ್ಕೆ ಜಾಸ್ತಿ ತಿರುಗಿ ಆ ಹಡಗಿನ ಹಿಂದಿನಿಂದ ಹೋಗಬಹುದು ಅಂದೆ. "ಮತ್ತೇನು, ತಿರುಗಿಸು." ಅವರು ಏನನ್ನೂ ಮುಟ್ಟಲಿಲ್ಲ. ಕೆಂಪು ದೀಪ ನಿಧಾನವಾಗಿ ನಮ್ಮ ಎಡಕ್ಕೆ ಸರಿಯಿತು. ಕೆಳಗಿಳಿಯುವಾಗ ಒಂದೇ ಮಾತು ಹೇಳಿದರು: "ಮುಂದಿನ ಸಲ ಇನ್ನೂ ಬೇಗ ಕರಿ."

ಹಾಗಾಗಿ ನೀವು ಕೇಳಬೇಕಾದ್ದು ಬೇರೆ. ಅನುಮಾನ ಬಂದಾಗ ಯಾರನ್ನು ಎಬ್ಬಿಸಬಹುದು? ಅವರು ಬಂದು ಬೈತಾರೋ, ಕಲಿಸ್ತಾರೋ? ರಾತ್ರಿ ಪಾಳಿಯಲ್ಲಿ ಇಡೀ ವಾರ್ಡ್ ನೋಡಿಕೊಳ್ಳುವ ನರ್ಸ್ ಆಗಿ, ವಿಮಾನದ ಫಸ್ಟ್ ಆಫೀಸರ್ ಆಗಿ, ಕಟ್ಟಡದ ಸೈಟ್ ಇಂಜಿನಿಯರ್ ಆಗಿ, ಎಲ್ಲದರಲ್ಲೂ ಜವಾಬ್ದಾರಿ ಬೇಗ ಬರುತ್ತದೆ. ಸೇರುವ ಮುಂಚೆ ಅಲ್ಲಿ ಈಗಾಗಲೇ ಇರುವ ಕಿರಿಯರನ್ನು ಇದನ್ನೇ ಕೇಳಿ. ಸಂಬಳ, ರಜೆ ಆಮೇಲೆ. ಕರೆಯೋಕೆ ಹೆದರುವ ಜಾಗದಲ್ಲಿ ಇಪ್ಪತ್ತೆರಡರ ಹುಡುಗರಿಗೆ ಅಧಿಕಾರ ಕೊಡುವುದು ಅವರನ್ನು ಬಲಿ ಕೊಟ್ಟ ಹಾಗೆ. ಅಂಥ ಹಡಗನ್ನೂ ನೋಡಿದ್ದೇನೆ.

ಇಷ್ಟಾದ ಮೇಲೂ ಹಡಗೇ ಬೇಕು ಅನ್ನಿಸಿದರೆ ಫೀಸ್ ಕಟ್ಟುವ ಮುಂಚೆ ಕಣ್ಣು ಪರೀಕ್ಷೆ ಮಾಡಿಸಿ. ಕೆಂಪು, ಹಸಿರು ಬಣ್ಣದ ವ್ಯತ್ಯಾಸ ಗೊತ್ತಾಗದವರಿಗೆ ರಾತ್ರಿ ವಾಚ್ ಕೊಡುವುದಿಲ್ಲ.