ಗುಂಡನ ಹೊಸ ಮನೆ

"ಬಳ್ಳಾರ್ಯಾಗ ಹಲ್ಲಿಗೆ ಹೀಟರ್ ಯಾಕಪ್ಪ?" ಅಂತ ಅವ್ವ ಕೇಳಿದಳು. ಬೇಸಿಗೆಯಲ್ಲಾದರೆ ಅವಳ ಮಾತು ನಿಜ. ಆದರೆ ಈ ಡಿಸೆಂಬರ್ ರಾತ್ರಿಗಳಲ್ಲಿ ಗಾಜಿನ ತೊಟ್ಟಿ ತಣ್ಣಗಾಗಿ, ಗುಂಡ ಎರಡು ದಿನ ಏನೂ ತಿನ್ನದೆ ಕಪ್ಪಿಟ್ಟು ಮಲಗಿದ್ದ. ಅವನು ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರಾಗನ್, ನಮ್ಮ ಓತಿಕ್ಯಾತನ ಕುಟುಂಬದವನೇ. ಶಾಖ ಹೊರಗಿಂದ ಸಿಗದಿದ್ದರೆ ತಿಂದದ್ದೂ ಅರಗಲ್ಲ. ಬಿಸಿಲನ್ನು ಬೈಯುತ್ತಲೇ ಬೆಳೆದವನು ನಾನು. ಬಿಸಿಲಿಲ್ಲದೆ ಬದುಕದ ಜೀವ ಈಗ ನನ್ನ ಮನೆಯಲ್ಲೇ ಇದೆ.

ಭಾನುವಾರ ಕೌಲ್‌ಬಜಾರಿನ ಬಡಗಿ ಕಾಕಾನ ಜೊತೆ ಕೂತು ಪ್ಲೈವುಡ್ ಪೆಟ್ಟಿಗೆ ಮಾಡಿದೆ. 4 ಅಡಿ ಉದ್ದ, 2 ಅಡಿ ಅಗಲ, ಮುಂದೆ ಸರಿಸುವ ಗಾಜು. ಗಾಳಿಗಿಂಡಿ ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಇರಲಿ, ಬಿಸಿಗಾಳಿ ಮೇಲಿಂದ ಹೋದಂಗೆ ತಂಪುಗಾಳಿ ಕೆಳಗಿಂದ ಬರ್ತದೆ ಅಂದೆ. "ಒಲಿ ಇದ್ದಂಗ ಅನ್ನು," ಅಂದರು ಕಾಕಾ. ಅಷ್ಟೇ, ಸರಿಯಾಗಿ ಹಿಡಿದರು. ಬಿಸಿ ಕೊಡೋ ಬಲ್ಬಿನ ಕೆಳಗಿನ ಕಲ್ಲು 40 ಡಿಗ್ರಿ, ಆಚೆ ತುದಿ 26. ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಮಾತ್ರ ಹೀಟರ್ ಹಚ್ಚಬೇಡಿ, ಪಾಪ ಸುಟ್ಟುಕೊಳ್ತವೆ.

ಇವತ್ತು ಬೆಳಿಗ್ಗೆ ಗುಂಡ ಕಲ್ಲಿನ ಮೇಲೆ ಮೈ ಚಪ್ಪಟೆ ಮಾಡಿ, ಬಾಯಿ ಚೂರು ತೆರೆದು ಕೂತಿದ್ದ. ಬಣ್ಣ ಮತ್ತೆ ತಿಳಿಯಾಗಿದೆ. ಅವ್ವ ತಾನೇ ನುಗ್ಗೆಸೊಪ್ಪು ಬಿಡಿಸಿಕೊಂಡು ಬಂದಳು.