ಫಾಸ್ಟಾ, ಕ್ವಿಕ್ಕಾ?

ಎರಡು ಸಾಲಿನ ಇಂಗ್ಲಿಷ್ ಮೇಲ್ ಬರೆಯಲು ಕೂತು ಹತ್ತು ನಿಮಿಷ ಕಳೆದೆ. ಬೇಗ ಉತ್ತರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅನ್ನಬೇಕಿತ್ತು, ಅಷ್ಟೇ. ಫಾಸ್ಟ್ ರಿಪ್ಲೈ ಅಂತ ಬರೆದೆ, ಅಳಿಸಿದೆ. ರ‍್ಯಾಪಿಡ್ ಅಂತ ಹಾಕಿದರೆ ಗುಂಡು ಹಾರಿಸಿದ ಹಾಗಿತ್ತು. ಸ್ವಿಫ್ಟ್‌ಗೆ ಯಾಕೋ ಗತ್ತು ಜಾಸ್ತಿ. ಕೊನೆಗೆ ಕ್ವಿಕ್‌ಗೇ ಬಂದೆ.

ಓಡುವ ವೇಗಕ್ಕೆ ಫಾಸ್ಟ್, ಸ್ವಲ್ಪ ಹೊತ್ತಿನಲ್ಲೇ ಮುಗಿದರೆ ಕ್ವಿಕ್. ಕಾರು ಫಾಸ್ಟ್, ಸ್ನಾನ ಕ್ವಿಕ್. ಇಷ್ಟು ನೆನಪಿದ್ದರೆ ಹೆಚ್ಚುಕಮ್ಮಿ ಕೆಲಸ ನಡೆಯುತ್ತದೆ. ಫಾಸ್ಟ್ಲಿ ಅಂತ ಮಾತ್ರ ಬರೆಯಬೇಡಿ. (ನಾನು ಎಷ್ಟೋ ವರ್ಷ ಬರೆದಿದ್ದೇನೆ.)

ಮಜಾ ಇರುವುದು ಹಳೆಯ ಅರ್ಥದಲ್ಲಿ. ಫಾಸ್ಟ್ ಅಂದರೆ ಮೊದಲು ಗಟ್ಟಿಯಾಗಿ, ಅಲುಗಾಡದೆ ಇರುವುದು! ಸೀಟ್ ಬೆಲ್ಟ್ ಬಿಗಿಯಲು ಹೇಳುವ ಫಾಸನ್ ಬಂದದ್ದು ಅಲ್ಲಿಂದಲೇ. ಫಾಸ್ಟ್ ಅಸ್ಲೀಪ್ ಅಂದರೂ ಗಾಢ ನಿದ್ದೆ, ವೇಗದ ನಿದ್ದೆಯಲ್ಲ. ಕ್ವಿಕ್ ಅಂದರೆ ಜೀವ ಇರುವುದು. ಪಾದರಸಕ್ಕೆ ಕ್ವಿಕ್‌ಸಿಲ್ವರ್ ಅನ್ನುವುದು ಅದಕ್ಕೇ, ಜೀವ ಇರುವ ಬೆಳ್ಳಿ.

ನಮ್ಮ ‘ಜೋರು’ ಏನು ಕಮ್ಮಿ? ಜೋರಾಗಿ ಓಡು, ಜೋರಾಗಿ ಮಾತಾಡು, ಮಳೆ ಜೋರು, ಆಳೂ ಜೋರು. ಕನ್ನಡ ಕಲಿಯುವವರ ಪಾಡು ಹೇಗೋ!

ಅಂದಹಾಗೆ, ಮೇಲ್‌ಗೆ ಉತ್ತರ ಬಂತು. ಬರೀ ‘ಓಕೆ’.