ಮಿತಿ ಹಾಕುವುದಾದರೆ ಜಿಪುಣ ಮಾಲೀಕರಿಗೆ ಹಾಕಿ

ಅಮೆರಿಕದ ಬೇಸ್‌ಬಾಲಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 2024ರಲ್ಲಿ ಗೆದ್ದಿತು, 2025ರಲ್ಲಿ ಮತ್ತೆ ಗೆದ್ದಿತು. ಅಲ್ಲಿಂದ ಅಮೆರಿಕದ ಬೇಸ್‌ಬಾಲ್ ನೋಡುವ ಅರ್ಧ ಜನರ ಬಾಯಲ್ಲಿ ಒಂದೇ ಮಾತು. ಸ್ಯಾಲರಿ ಕ್ಯಾಪ್ ತನ್ನಿ, ಆಟಗಾರರ ಸಂಬಳಕ್ಕೆ ಯಾವ ತಂಡವೂ ಇಷ್ಟಕ್ಕಿಂತ ಜಾಸ್ತಿ ಖರ್ಚು ಮಾಡದ ಹಾಗೆ ಗೆರೆ ಎಳೆಯಿರಿ ಅಂತ. ನನಗೆ ಇದು ಸರಿ ಕಾಣುವುದಿಲ್ಲ. ತಪ್ಪು ಜನರ ಕೈ ಕಟ್ಟಲು ಹೊರಟಿದ್ದಾರೆ ಅನ್ನಿಸುತ್ತದೆ.

ಕಾಸರಗೋಡಿನ ಬದಿಯಡ್ಕದ ಕಡೆ ಕೂತು ಇದನ್ನೆಲ್ಲ ಯಾಕೆ ಬರೆಯುತ್ತೀಯ ಅಂತ ಕೇಳುವವರಿದ್ದಾರೆ. ನಮ್ಮ ಅಕ್ಕ, ಭಾವ ಪಿಟ್ಸ್‌ಬರ್ಗ್‌ನಲ್ಲಿದ್ದಾರೆ. ಭಾವನಿಂದ ಈ ಆಟದ ಹುಚ್ಚು ನನಗೂ ಹಿಡಿಯಿತು. ಅಲ್ಲಿ ರಾತ್ರಿ ನಡೆಯುವ ಆಟ ಇಲ್ಲಿ ನಮಗೆ ಬೆಳಗಿನ ಹೊತ್ತಿಗೆ ಬರುತ್ತದೆ. 2025ರ ಕೊನೆಯ ಪಂದ್ಯ, ಟೊರಾಂಟೊ ವಿರುದ್ಧ 11 ಇನಿಂಗ್ಸ್‌ವರೆಗೆ ಎಳೆದದ್ದು, ಭಾನುವಾರ ಬೆಳಿಗ್ಗೆ ಇಡೀ ನೋಡಿದೆ. ಮುಗಿದ ಕೂಡಲೇ ಭಾವನ ಮೆಸೇಜು ಬಂತು: "ದುಡ್ಡು ಗೆದ್ದಿತು, ಇನ್ನೆಂತ ಆಟ ಮಾರಾಯ." ನಮ್ಮ ಜಗಳ ಅಲ್ಲಿಂದ ಶುರುವಾಯಿತು, ಇನ್ನೂ ಮುಗಿದಿಲ್ಲ.

ಮೊದಲು ಅಲ್ಲಿನ ವ್ಯವಸ್ಥೆ ಹೇಳಿಬಿಡುತ್ತೇನೆ. ಐಪಿಎಲ್ ತರ ಹರಾಜು ಅಲ್ಲಿ ಇಲ್ಲ. ಹೊಸ ಹುಡುಗನನ್ನು ಒಂದು ತಂಡ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಾಗ, ಆರಿಸಿಕೊಂಡರೆ, ಅಲ್ಲಿನ ಅಗ್ರ ಲೀಗ್ ಆದ ಮೇಜರ್ ಲೀಗ್‌ನಲ್ಲಿ 6 ವರ್ಷದ ಸೇವೆ ಮುಗಿಯುವವರೆಗೆ ಅವನು ಅದೇ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ, ಕನಿಷ್ಠ ಮೊತ್ತ ಕೊಟ್ಟರೆ ಸಾಕು. ಆಮೇಲೆ ಸಂಬಳ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥರ ಮುಂದೆ ಹೋಗಬಹುದು. 6 ವರ್ಷ ಆದ ಮೇಲೆ ಮಾತ್ರ ಫ್ರೀ ಏಜೆಂಟ್, ಅಂದರೆ ಯಾರು ಕರೆದರೂ, ಎಷ್ಟಕ್ಕೆ ಕರೆದರೂ ಹೋಗಲು ಸ್ವತಂತ್ರ. ಪತ್ರಿಕೆಯಲ್ಲಿ ಬರುವ ದೊಡ್ಡ ಮೊತ್ತಗಳೆಲ್ಲ ಹೆಚ್ಚಾಗಿ ಈ ಕೊನೆಯ ಹಂತದವು. 2023ರ ಡಿಸೆಂಬರಿನಲ್ಲಿ ಶೋಹೆ ಒಟಾನಿ ಡಾಡ್ಜರ್ಸ್ ಜತೆ 10 ವರ್ಷಕ್ಕೆ 70 ಕೋಟಿ ಡಾಲರಿಗೆ ಸಹಿ ಮಾಡಿದ. ಮರುವರ್ಷ ಹುವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್ ಜತೆ 15 ವರ್ಷಕ್ಕೆ 76.5 ಕೋಟಿ. ಇದನ್ನು ಓದಿದವರು ಆಟಗಾರರಿಗೆ ದುರಾಸೆ ಅನ್ನುತ್ತಾರೆ.

ಆದರೆ ಭಾವನ ಸ್ವಂತ ತಂಡದ ಪಾಲ್ ಸ್ಕೀನ್ಸ್‌ನನ್ನು ನೋಡಿ. 2025ರಲ್ಲಿ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್‌ಗೆ (ಚೆಂಡೆಸೆಯುವವನಿಗೆ) ಕೊಡುವ ಸೈ ಯಂಗ್ ಪ್ರಶಸ್ತಿಯಲ್ಲಿ ಮೊದಲ ಸ್ಥಾನದ ಮತಗಳೆಲ್ಲ ಅವನಿಗೇ ಬಿದ್ದವು. ಆ ವರ್ಷ ಅವನ ಸಂಬಳ 9 ಲಕ್ಷ ಡಾಲರಿಗೂ ಕಡಿಮೆ. ಎಳೆಯ ಆಟಗಾರರಿಗೆಂದು ಇರುವ ಬೋನಸ್ ನಿಧಿಯಿಂದ ಇನ್ನಷ್ಟು ಬಂತು, ನಿಜ. ಆದರೂ ಬೇರೆ ದಾರಿ ಹುಡುಕಬೇಕೆಂದರೆ ಅವನು 2029ರ ಸೀಸನ್ ಮುಗಿಯುವವರೆಗೆ ಕಾಯಬೇಕು. ಪಿಚರ್‌ನ ತೋಳು ಅಷ್ಟು ವರ್ಷ ಗಟ್ಟಿ ಇರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಫ್ರೀ ಏಜೆಂಟ್ ಆದಾಗ ಸಿಗುವ ಹಣ ಎಷ್ಟೋ ಮಟ್ಟಿಗೆ ಹಿಂದಿನ ವರ್ಷಗಳ ಬಾಕಿ. ಅದು ಸಿಗುವ ಒಂದೇ ಬಾಗಿಲಿಗೆ ಮಿತಿ ಹಾಕಿ, ಮೊದಲ 6 ವರ್ಷದ ಹಿಡಿತವನ್ನು ಹಾಗೇ ಬಿಟ್ಟರೆ ಲಾಭ ಯಾರಿಗೆ?

ಆ ಬಾಗಿಲು ಸುಮ್ನೆ ತೆರೆದದ್ದೂ ಅಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಎಂಬ ಔಟ್‌ಫೀಲ್ಡರ್‌ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ಅವನನ್ನು ಕೇಳಲೇ ಇಲ್ಲ, ಕೇಳಬೇಕಾಗಿಯೂ ಇರಲಿಲ್ಲ, ಯಾಕೆಂದರೆ ಆಗಿನ ರಿಸರ್ವ್ ನಿಯಮದ ಪ್ರಕಾರ ಆಟಗಾರ ಬಾಳಿಡೀ ತಂಡದ ಸೊತ್ತು. ಫ್ಲಡ್ ಹೋಗಲು ಒಪ್ಪಲಿಲ್ಲ. ನನ್ನ ಇಷ್ಟ ಕೇಳದೆ ಕೊಟ್ಟು ತೆಗೆದುಕೊಳ್ಳಲು ನಾನೊಂದು ವಸ್ತು ಅಲ್ಲ ಎಂಬ ಅರ್ಥದಲ್ಲಿ ಲೀಗಿನ ಮುಖ್ಯಸ್ಥ ಕಮಿಷನರ್‌ಗೆ ಪತ್ರ ಬರೆದ. ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ ಬರುತ್ತಿದ್ದ ಮನುಷ್ಯ ಅದನ್ನು ಬಿಟ್ಟು ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 5-3ರಿಂದ ಸೋತ. ಅಷ್ಟರಲ್ಲಿ ಅವನ ಆಟದ ಬಾಳೂ ಮುಗಿದಿತ್ತು. ಅವನ ಹಿಂದೆ ನಿಂತದ್ದು ಆಟಗಾರರ ಯೂನಿಯನ್, ಅದನ್ನು ನಡೆಸುತ್ತಿದ್ದವರು ಮಾರ್ವಿನ್ ಮಿಲ್ಲರ್. ಉಕ್ಕಿನ ಕಾರ್ಮಿಕರ ಯೂನಿಯನ್ನಿನಲ್ಲಿ ಪಳಗಿ 1966ರಲ್ಲಿ ಬೇಸ್‌ಬಾಲಿಗೆ ಬಂದವರು. ಆಗ ಆಟಗಾರರ ಕನಿಷ್ಠ ಸಂಬಳ ವರ್ಷಕ್ಕೆ 6 ಸಾವಿರ ಡಾಲರ್. ಕೊನೆಗೆ 1975ರ ಡಿಸೆಂಬರ್ 23ರಂದು ಮೆಸ್ಸರ್‌ಸ್ಮಿತ್ ಮತ್ತು ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳ ಪ್ರಕರಣದಲ್ಲಿ ಮಧ್ಯಸ್ಥ ಪೀಟರ್ ಸೈಟ್ಜ್ ತೀರ್ಪು ಕೊಟ್ಟು ಆ ನಿಯಮ ಮುರಿಯಿತು. ಫ್ಲಡ್‌ಗೆ ಅದರಿಂದ ಏನೂ ಸಿಗಲಿಲ್ಲ. ಈ ಭಾಗ ಓದುವಾಗ ಪ್ರತಿ ಸಲ ನನಗೆ ಮನಸ್ಸು ಭಾರವಾಗುತ್ತದೆ.

ನಮ್ಮಲ್ಲಿ ಹೇಗಿದೆ? ನಮ್ಮ ತಳಂಗರೆಯ ಬ್ಯಾಟರ್ ಮೊಹಮ್ಮದ್ ಅಜರುದ್ದೀನ್ ನೆನಪಿರಬೇಕಲ್ವಾ. 2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ ಕೇರಳಕ್ಕೆ ಆಡುತ್ತಾ 54 ಎಸೆತದಲ್ಲಿ ಔಟಾಗದೆ 137 ಹೊಡೆದ. ಕಾಸರಗೋಡಿಡೀ ಅದೇ ಸುದ್ದಿ. ಮುಂದಿನ ತಿಂಗಳ ಐಪಿಎಲ್ ಹರಾಜಿನಲ್ಲಿ ಆರ್‌ಸಿಬಿ ಅವನನ್ನು ಮೂಲ ಬೆಲೆ 20 ಲಕ್ಷಕ್ಕೆ ತೆಗೆದುಕೊಂಡಿತು, ಒಂದು ಪಂದ್ಯವನ್ನೂ ಆಡಿಸಲಿಲ್ಲ. ಅದು ತಂಡದ ಲೆಕ್ಕಾಚಾರ ಇರಬಹುದು. ಆದರೆ ನನಗೆ ಅವಕಾಶ ಕೊಡುವ ತಂಡ ಯಾವುದು ಅಂತ ಮೊದಲೇ ಮಾತಾಡಿ ಆರಿಸಿಕೊಳ್ಳುವ ದಾರಿ ಆ ಹುಡುಗನಿಗೆ ಎಲ್ಲಿತ್ತು? ಹರಾಜಿನಲ್ಲಿ ಯಾರು ಫಲಕ ಎತ್ತುತ್ತಾರೋ ಅವರ ಜತೆ ಹೋಗಬೇಕು. ಅದೇ ಅಜರುದ್ದೀನ್ 2025ರ ರಣಜಿ ಸೆಮಿಫೈನಲ್‌ನಲ್ಲಿ ಗುಜರಾತ್ ವಿರುದ್ಧ ಔಟಾಗದೆ 177 ಹೊಡೆದ, ಕೇರಳ ಮೊದಲ ಸಲ ಫೈನಲ್‌ಗೆ ಹೋಯಿತು.

ಐಪಿಎಲ್‌ನ ಲೆಕ್ಕವನ್ನೇ ತೆಗೆಯಿರಿ. 2025ಕ್ಕೆ ಹರಾಜಿನ ಪರ್ಸ್, ಅಂದರೆ ಒಂದು ತಂಡ ಆಟಗಾರರನ್ನು ಕೊಳ್ಳಲು ಬಳಸಬಹುದಾದ ಹಣ, 120 ಕೋಟಿ. ಪಂದ್ಯದ ಶುಲ್ಕ ಎಲ್ಲ ಸೇರಿ ಒಂದು ತಂಡದ ಒಟ್ಟು ಸಂಬಳದ ಮಿತಿ 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಮಾತ್ರವೇ 48,390 ಕೋಟಿಗೆ ಹೋಗಿದೆ, ವರ್ಷಕ್ಕೆ 9,600 ಕೋಟಿಗಿಂತ ಮೇಲೆ. ಟಿಕೆಟ್, ಪ್ರಾಯೋಜಕರ ಹಣ ಬೇರೆಯೇ. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಕ್ಯಾಪ್ ಇದೆ, ಆದರೆ ಅಲ್ಲಿ ಆದಾಯದ ಹೆಚ್ಚು ಕಡಿಮೆ ಅರ್ಧ ಆಟಗಾರರಿಗೆ ಅಂತ ಒಪ್ಪಂದವಾಗಿದೆ. ನಮ್ಮಲ್ಲಿ ಯೂನಿಯನ್ನೂ ಇಲ್ಲ, ಅಂಥ ಒಪ್ಪಂದವೂ ಇಲ್ಲ. 2025ರ ಡಿಸೆಂಬರಿನಲ್ಲಿ ಕೋಲ್ಕತಾ ತಂಡ ಕ್ಯಾಮರೂನ್ ಗ್ರೀನ್‌ಗೆ 25.20 ಕೋಟಿ ಕೂಗಿತು. ವಿದೇಶಿ ಆಟಗಾರರಿಗೆ ಮಿನಿ ಹರಾಜಿನಲ್ಲಿ ಮಿತಿ ಇರುವುದರಿಂದ ಅವನಿಗೆ ಸಿಗುವುದು 18 ಕೋಟಿ, ಉಳಿದದ್ದು ಬಿಸಿಸಿಐಗೆ. ಕೂಗಿದ ಬೆಲೆ ಒಂದು, ಕೈಗೆ ಬಂದದ್ದು ಇನ್ನೊಂದು.

ಭಾವ ಇದಕ್ಕೆ ಕೊಡುವ ಉತ್ತರ ಸಮಾನತೆ. ಎಲ್ಲರ ಜೇಬು ಒಂದೇ ಆದರೆ ಎಲ್ಲರಿಗೂ ಗೆಲ್ಲುವ ಅವಕಾಶ ಅಂತ. ಹಾಗಾದರೆ ಮೊದಲಿನಿಂದಲೂ ಸಂಬಳಕ್ಕೆ ಮಿತಿ ಇರುವ ಐಪಿಎಲ್‌ನ 2025ರವರೆಗಿನ 18 ಸೀಸನ್‌ಗಳಲ್ಲಿ 10 ಕಪ್ ಮುಂಬೈ ಮತ್ತು ಚೆನ್ನೈ ಎರಡೇ ತಂಡದ ಮನೆಗೆ ಹೋದದ್ದು ಯಾಕೆ? ಕ್ಯಾಪ್ ಇಲ್ಲದ ಬೇಸ್‌ಬಾಲಿನಲ್ಲಿ 2001ರಿಂದ 2025ರವರೆಗೆ 16 ಬೇರೆ ಬೇರೆ ತಂಡಗಳು ಗೆದ್ದಿವೆ. 2000ದ ಯಾಂಕೀಸ್ ಆದ ಮೇಲೆ ಸತತ ಎರಡು ವರ್ಷ ಗೆದ್ದವರು ಈ ಡಾಡ್ಜರ್ಸ್ ಒಬ್ಬರೇ. ಸೋಟೊಗೆ ಅಷ್ಟು ಸುರಿದ ಮೆಟ್ಸ್ 2025ರಲ್ಲಿ ಪ್ಲೇಆಫ್‌ಗೇ ಬರಲಿಲ್ಲ. ಆ ವರ್ಷ ಲೀಗ್ ಹಂತದಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದದ್ದು ಸಣ್ಣ ಊರಾದ ಮಿಲ್ವಾಕಿ, 97. ಡಾಡ್ಜರ್ಸ್ ಅವರನ್ನು ಆಮೇಲೆ ಒಂದೂ ಪಂದ್ಯ ಬಿಡದೆ ಸೋಲಿಸಿದರು ಅಂತ ಭಾವ ನೆನಪಿಸುತ್ತಾರೆ, ಅದೂ ಸರಿಯೇ.

ಹಾಗೆಂದು ಭಾವನ ನೋವು ಸುಳ್ಳಲ್ಲ. ಪಿಟ್ಸ್‌ಬರ್ಗ್ ಕೊನೆಯದಾಗಿ ಗೆದ್ದದ್ದು 1979ರಲ್ಲಿ. ಪ್ಲೇಆಫ್ ಕಂಡದ್ದು 2015ರಲ್ಲಿ. ಡಾಡ್ಜರ್ಸ್‌ನ ಸಂಬಳದ ಮೊತ್ತ 2025ರಲ್ಲಿ 30 ಕೋಟಿ ಡಾಲರ್ ದಾಟಿತ್ತು, ಮಯಾಮಿಯದ್ದು ಸುಮಾರು 7 ಕೋಟಿ. ದೊಡ್ಡ ಪೇಟೆಯ ತಂಡಕ್ಕೆ ಸ್ಥಳೀಯ ಟಿವಿಯಿಂದಲೇ ಹೊಳೆಯ ಹಾಗೆ ಹಣ ಬರುತ್ತದೆ, ಸಣ್ಣ ಊರಿಗೆ ಬರುವುದಿಲ್ಲ. ಈ ಅಂತರ ಕಡಿಮೆಯಾಗಬೇಕು, ನಾನೂ ಒಪ್ಪುತ್ತೇನೆ.

ಆದರೆ ಅದಕ್ಕೆ ಈಗಲೇ ದಾರಿ ಇದೆ. ತಂಡಗಳ ಸ್ಥಳೀಯ ಆದಾಯದ 48 ಶೇಕಡಾ ಒಟ್ಟುಗೂಡಿಸಿ ಎಲ್ಲರಿಗೂ ಹಂಚುತ್ತಾರೆ. ಜತೆಗೆ ಲಕ್ಸುರಿ ಟ್ಯಾಕ್ಸ್, ಅಂದರೆ ಸಂಬಳದ ಮೊತ್ತ ಒಂದು ಗೆರೆ ದಾಟಿದ ತಂಡ ಕಟ್ಟುವ ದಂಡ. 2025ರಲ್ಲಿ ಅದರ ಗೆರೆ 24.1 ಕೋಟಿ ಡಾಲರ್. ದಾಟಿದರೆ ದಂಡ, ವರ್ಷ ವರ್ಷ ದಾಟಿದರೆ ದಂಡದ ದರವೂ ಏರುತ್ತದೆ. ತೀರಾ ಮೇಲಿನ ಹಂತದಲ್ಲಿ ಒಂದು ಡಾಲರ್ ಖರ್ಚಿಗೆ ಒಂದು ಡಾಲರ್‌ಗಿಂತ ಜಾಸ್ತಿ ದಂಡ. ಡಾಡ್ಜರ್ಸ್ ಆ ವರ್ಷ 16 ಕೋಟಿಗಿಂತ ಜಾಸ್ತಿ ದಂಡ ಕಟ್ಟಿತು. ಇನ್ನೊಂದು ಕಡೆ, ಹಂಚಿದ ಹಣವನ್ನು ತಂಡ ಕಟ್ಟಲು ಬಳಸುತ್ತಿಲ್ಲ ಅಂತ 2018ರಲ್ಲಿ ಯೂನಿಯನ್ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು. ಅದರಲ್ಲಿ ಮಯಾಮಿಯೂ ಇತ್ತು, ಪಿಟ್ಸ್‌ಬರ್ಗೂ ಇತ್ತು. "ಭಾವ, ನೀವು ಸಿಟ್ಟು ತೋರಿಸಬೇಕಾದದ್ದು ಲಾಸ್ ಏಂಜಲೀಸ್ ಮೇಲೋ, ನಿಮ್ಮದೇ ಮಾಲೀಕರ ಮೇಲೋ?" ಅಂತ ಕೇಳಿದೆ. ಎರಡರ ಮೇಲೂ ಇದೆ ಅಂದರು.

ಮಾಲೀಕರನ್ನು ನಂಬಲು ನನಗೆ ಮನಸ್ಸು ಬಾರದ್ದಕ್ಕೆ ಕಾರಣ ಇನ್ನೊಂದಿದೆ. 1985ರಿಂದ 1987ರವರೆಗೆ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಬೇರೆ ತಂಡದ ಫ್ರೀ ಏಜೆಂಟ್‌ಗಳಿಗೆ ಬೆಲೆ ಕೊಡುವುದನ್ನು ನಿಲ್ಲಿಸಿದರು. ಸಿಕ್ಕಿಬಿದ್ದರು, 28 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಅಡಿಕೆ ಬೆಳೆಯುವ ನಮ್ಮ ಊರವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವವರು ಒಟ್ಟಾಗಿ ಧಾರಣೆ ಇಷ್ಟೇ ಅಂದರೆ ಒಬ್ಬೊಬ್ಬನೇ ಗೋಣಿ ಹೊತ್ತುಕೊಂಡು ಹೋದವನು ಎಂತ ಮಾಡುವುದು? ಬೆಳೆಗಾರರೂ ಒಟ್ಟಾಗಬೇಕು ಅಂತಲೇ ಅಲ್ವಾ 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯ ಸೇರಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆದದ್ದು.

1994ರಲ್ಲಿ ಮಾಲೀಕರು ಕ್ಯಾಪ್ ಬೇಕೇ ಬೇಕು ಅಂದಾಗ ಆಟಗಾರರು ಆಗಸ್ಟ್ 12ರಂದು ಮುಷ್ಕರಕ್ಕೆ ಇಳಿದರು. ಆ ವರ್ಷದ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಅತಿ ದೊಡ್ಡ ಪೆಟ್ಟು ಬಿದ್ದದ್ದು ಸಣ್ಣ ತಂಡಕ್ಕೇ. 74 ಪಂದ್ಯ ಗೆದ್ದು, 40 ಸೋತು ಎಲ್ಲರಿಗಿಂತ ಮುಂದಿದ್ದ ಮಾಂಟ್ರಿಯಲ್ ಎಕ್ಸ್‌ಪೋಸ್‌ಗೆ ಅಂಥ ವರ್ಷ ಮತ್ತೆ ಬರಲಿಲ್ಲ, 2005ಕ್ಕೆ ತಂಡವೇ ವಾಷಿಂಗ್ಟನ್‌ಗೆ ಹೋಯಿತು. ಮಾಲೀಕರ ಮತ್ತು ಯೂನಿಯನ್ನಿನ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಮತ್ತೆ ಅದೇ ಜಗಳ.

ನನ್ನನ್ನು ಕೇಳಿದರೆ, ಮೊದಲು ಕೆಳಗಿನ ಗೆರೆ ಎಳೆಯಲಿ: ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವ ತಂಡಕ್ಕೆ ಹಂಚಿಕೆಯ ಹಣ ಇಲ್ಲ. 2021ರಲ್ಲಿ ಮಾಲೀಕರೇ 10 ಕೋಟಿ ಡಾಲರ್ ಕನಿಷ್ಠ ಖರ್ಚಿನ ಮಾತು ಎತ್ತಿದ್ದರು, ಆದರೆ ಅದರ ಜತೆ ಟ್ಯಾಕ್ಸ್ ಗೆರೆಯನ್ನು 21 ಕೋಟಿಯಿಂದ 18 ಕೋಟಿಗೆ ಇಳಿಸಬೇಕು ಅಂದರು, ಯೂನಿಯನ್ ಒಪ್ಪಲಿಲ್ಲ. ಒಪ್ಪದ್ದೇ ಸರಿ. ಒಟಾನಿ ತರ 68 ಕೋಟಿಯನ್ನು 2033ರ ನಂತರಕ್ಕೆ ಮುಂದೂಡುವ ಒಪ್ಪಂದಗಳಿಗೆ ಒಂದು ಮಿತಿ ಬಂದರೆ ನನ್ನ ತಕರಾರಿಲ್ಲ. ಟಿವಿ ಹಣವನ್ನು ಇನ್ನೂ ಜಾಸ್ತಿ ಹಂಚಲಿ. ಮತ್ತು 6 ವರ್ಷದ ಹಿಡಿತವನ್ನು 5ಕ್ಕಾದರೂ ಇಳಿಸಲಿ. ಈ ಕೊನೆಯದಕ್ಕೆ ಭಾವ ಒಪ್ಪಿಲ್ಲ, ಸ್ಕೀನ್ಸ್ ಒಂದು ವರ್ಷ ಮೊದಲೇ ಹೋಗಿಬಿಡುತ್ತಾನಲ್ಲ ಅಂತ. ಅವನು ಹೋಗದ ಹಾಗೆ ಸಂಬಳ ಕೊಡಲು ನಿಮ್ಮ ಮಾಲೀಕರಿಗೆ ಹೇಳಿ ಅಂದಿದ್ದೇನೆ.